ಎಂಟು ಗಂಟೆಯ ಶಿಕ್ಷೆ

ಲೆನೋರಾ ಹಕಲಾ, ಗಂಡನ ಹೆಸರು ದಿವಂಗತ ರಾಯ್ ಹಕಲಾ, ವಯಸ್ಸು 61 ವರ್ಷ, ಶಾಲೆಯಲ್ಲಿ ಅಡುಗೆ ಕೆಲಸ, ವಾಸ: ಉತ್ತರ ದಡದ ರಸ್ತೆ, ಟ್ಯಾಮರಾಕ್ ಕೋವ್, ಮಿನ್ನೆಸೋಟ. ರಾಜ್ಯ ತನಿಖಾಧಿಕಾರಿಯವರ ಮುಂದೆ ಈ ಮೂಲಕ ತಿಳಿಸುವುದೇನೆಂದರೆ,

ದಿನಾಂಕ 6-7-2019ರ ಶನಿವಾರ ಮಧ್ಯಾಹ್ನ 1-15ಕ್ಕೆ ನನ್ನ ಗಂಡ ಹುಟ್ಟು ಹಾಕುವ ದೋಣಿಯಲ್ಲಿ ನಮ್ಮ ಮನೆಯ ಮುಂದಿನ ಸರೋವರಕ್ಕೆ ಮೀನು ಹಿಡಿಯಲು ಹೋದರು. ದಡದಿಂದ 120 ಅಡಿ ದೂರದಲ್ಲಿ ಲಂಗರು ಹಾಕಿದ್ದರು. ನಾನು ದಡದಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದೆ. 2-10ಕ್ಕೆ ಎದುರು ದಡದ ವಿಟ್‌ಲಾಕ್ ಕುಟುಂಬದ ನೀಲಿ ಮೋಟಾರು ದೋಣಿ ಅತಿ ವೇಗದಲ್ಲಿ ಬಂತು. ನಾನು ಎದ್ದು ಏಪ್ರನ್ ಬೀಸಿ ಕೂಗಿದೆ. ಅದು ರಾಯ್ ಕೂತಿದ್ದ ದೋಣಿಯ ಮೇಲೆಯೇ ಹಾದು, 60 ಅಡಿ ಮುಂದೆ ಹೋಗಿ ನಿಂತಿತು. ಓಡಿಸುತ್ತಿದ್ದವನು ಪ್ರೆಸ್ಟನ್ ವಿಟ್‌ಲಾಕ್, ವಯಸ್ಸು 34, ಊರಿನ ಕಾಗದ ಕಾರ್ಖಾನೆಯ ಮಾಲೀಕರ ಮಗ. ಕೈಯಲ್ಲಿ ಬಿಯರ್ ಡಬ್ಬಿ ಇತ್ತು. ತಿರುಗಿ ನೋಡಿದ. ಆಮೇಲೆ ತನ್ನ ಮನೆಯ ಕಡೆಗೆ ಹೊರಟುಹೋದ.

2-12ಕ್ಕೆ ತುರ್ತು ಫೋನ್ ಮಾಡಿ ನೀರಿಗಿಳಿದೆ. 2-30ಕ್ಕೆ ರಾಯ್‌ರನ್ನು ದಡಕ್ಕೆ ಎಳೆದು ತಂದೆ. ಅವರ ಒಂದು ಬೂಟು ಸಿಗಲಿಲ್ಲ. 2-46ಕ್ಕೆ ಬಂದ ಆಂಬುಲೆನ್ಸಿನವರು ಜೀವವಿಲ್ಲ ಎಂದರು.

3-05ಕ್ಕೆ ಇಲ್ಲಿನ ಪೊಲೀಸರ, ಅಂದರೆ ಷೆರಿಫ್ ಕಚೇರಿಯ, ಗಸ್ತು ದೋಣಿ ಕಾಣಿಸಿತು. ಅದನ್ನು ಕೊಡಿಸಿದವರು ವಿಟ್‌ಲಾಕ್ ಕುಟುಂಬದವರು. ಪಕ್ಕದಲ್ಲಿ ಅವರ ಹೆಸರೇ ಬರೆದಿದೆ. ಅದು ಮೊದಲು ಅವರ ಮನೆಯ ಮುಂದೆ ಹೋಗಿ 40 ನಿಮಿಷ ನಿಂತಿತ್ತು. ನಾನು ರಾಯ್ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. 3-50ಕ್ಕೆ ಅದರಲ್ಲಿದ್ದ ಷೆರಿಫರ ಡೆಪ್ಯುಟಿ ಕರ್ಟ್ ಡಾಲೆನ್ ನಮ್ಮಲ್ಲಿಗೆ ಬಂದು, ರಾಯ್ ಕುಡಿದಿದ್ದರೇ ಎಂದು ಕೇಳಿದ. ಅಂದೇ ರಾಯ್ ರಕ್ತವನ್ನು ಪರೀಕ್ಷೆಗೆ ಕಳಿಸಿದರು. ಪ್ರೆಸ್ಟನ್ ರಕ್ತ ತೆಗೆದದ್ದು ಮರುದಿನ ಬೆಳಿಗ್ಗೆ 10 ಗಂಟೆಗೆ, ವಕೀಲರು ಬಂದ ಮೇಲೆ.

ಕರ್ಟ್ ಆರು ವರ್ಷ ಶಾಲೆಯಲ್ಲಿ ನಾನು ಬಡಿಸಿದ ಊಟ ತಿಂದವನು. ದಿನಾಂಕ 9ರಂದು ಅವನ ಕಚೇರಿಗೆ ಹೋಗಿ, ಬಿಯರ್ ಡಬ್ಬಿಯ ವಿಷಯ ವರದಿಯಲ್ಲಿ ಯಾಕಿಲ್ಲ ಎಂದು ಕೇಳಿದೆ.

"ಅಷ್ಟು ದೂರದಿಂದ ಬಿಯರೇ ಅಂತ ಹೇಗ್ರೀ ಹೇಳ್ತೀರ? ಸೋಡಾನೂ ಇರಬಹುದಲ್ವಾ?" ಎಂದ.

"ಸೋಡಾ ಕುಡಿದವನಿಗೆ ವಕೀಲ ಯಾಕೋ?" ಎಂದೆ.

ಅವನು ಬಾಗಿಲು ಮುಚ್ಚಿ ಬಂದು, "ನೋಡಿ, ನಾನೂ ಈ ಊರಲ್ಲಿ ಬದುಕಬೇಕು" ಎಂದ.

"ರಾಯ್ ಕೂಡ ಬದುಕಬೇಕಿತ್ತು ಕಣೋ" ಎಂದು ಹೇಳಿ ಎದ್ದು ಬಂದೆ.

ದಿನಾಂಕ 20-9-2019ರಂದು ನ್ಯಾಯಾಲಯದಲ್ಲಿ ಅಜಾಗರೂಕ ಚಾಲನೆ ಎಂಬ ಒಂದೇ ಆರೋಪ ಉಳಿದಿತ್ತು. ಪ್ರೆಸ್ಟನ್ ಒಪ್ಪಿಕೊಂಡ. ಜೈಲಿಲ್ಲ, ಎಂಟು ಗಂಟೆ ದೋಣಿ ಸುರಕ್ಷತೆಯ ತರಗತಿಯಲ್ಲಿ ಕೂರಬೇಕೆಂದು ತೀರ್ಪಾಯಿತು. ಒಳ್ಳೆಯ ಮನೆತನದವನು, ಮುಂದೆ ಇನ್ನೂ ಬಾಳಬೇಕಾದವನು ಎಂದು ನ್ಯಾಯಾಧೀಶರು ಹೇಳಿದರು.

ಅವನ ಮುಖವನ್ನು ಹತ್ತಿರದಿಂದ ನೋಡಬೇಕೆಂದು ನಾನೂ ಅದೇ ತರಗತಿಗೆ ಹೆಸರು ಕೊಟ್ಟೆ. ದಿನಾಂಕ 12-10-2019ರ ಶನಿವಾರ ಬೆಳಿಗ್ಗೆ 9ಕ್ಕೆ ಊರಿನ ಸಭಾಭವನದಲ್ಲಿ ತರಗತಿ ಶುರುವಾಯಿತು. ಅವನು ಬರಲಿಲ್ಲ. 9-20ಕ್ಕೆ ಕಂದು ಕೋಟಿನ ಅಪರಿಚಿತರೊಬ್ಬರು ಬಂದು, ಹಾಜರಿ ಹಾಳೆಯಲ್ಲಿ ಪ್ರೆಸ್ಟನ್ ಹೆಸರಿನ ಮುಂದೆ ಸಹಿ ಮಾಡಿ ಹೋದರು. ಅವನು ಎಲ್ಲಿ ಎಂದು ಪಾಠ ಹೇಳುವವರನ್ನು ಕೇಳಿದೆ. "ಸಹಿ ಇದೆಯಲ್ಲಮ್ಮ, ಸಾಕು ಬಿಡಿ" ಎಂದರು. ಆ ಹಾಳೆಯ ಫೋಟೋ ತೆಗೆದುಕೊಂಡೆ.

ನಾನು ಸಂಜೆ 5ರವರೆಗೂ ಕೂತೆ. ಲಂಗರು ಹಾಕಿದ ದೋಣಿ ಕಂಡರೆ ವೇಗ ಇಳಿಸಬೇಕು ಎಂಬುದು ಮೂರನೇ ಪಾಠ. ಕೊನೆಗೆ ನನಗೊಂದು ಪ್ರಮಾಣಪತ್ರ ಕೊಟ್ಟು ಕೈ ಕುಲುಕಿದರು. ಫೋಟೋವನ್ನೂ ಪ್ರಮಾಣಪತ್ರವನ್ನೂ ಲಗತ್ತಿಸಿದ್ದೇನೆ. ನನ್ನ ಗಂಡನ ಸಾವಿಗೆ ಕೊಟ್ಟ ಶಿಕ್ಷೆಯನ್ನು ಇದುವರೆಗೆ ಅನುಭವಿಸಿರುವುದು ನಾನೊಬ್ಬಳೇ.

ಮೇಲೆ ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಟ್ಯಾಮರಾಕ್ ಕೋವ್
ದಿನಾಂಕ: 15-10-2019

ಸಹಿ/-
ಲೆನೋರಾ ಹಕಲಾ