ಇನ್ನೂ ತುರ್ತಾಗದ ನೀರು

ಹೋಟೆಲಿನ ಕ್ಯೂನಲ್ಲಿ ದರ್ಜಿಯ ಮುಂದೆ ಶಾಲಾ ಕಚೇರಿಯ ಸಾಹೇಬರೂ ಅವರ ಗುಮಾಸ್ತನೂ ನಿಂತಿದ್ದರು.

“ಸಾರ್, ಶಾಲೆ ನೀರಿನ ಟ್ಯಾಂಕಲ್ಲಿ ಪಾರಿವಾಳ ಸತ್ತು ತೇಲ್ತಿದೆ. ತುರ್ತು ಅಂತ ಬರೆದು, ಟೆಂಡರ್ ಇಲ್ದೆ ಬೇರೆಯವರ ಕೈಲಿ ತೊಳೆಸೋಣ್ವಾ?”

“ಮಕ್ಕಳು ವಾಂತಿ ಮಾಡ್ಕೊಂಡ್ರಾ?”

“ಇನ್ನೂ ಇಲ್ಲ ಸಾರ್.”

“ಮತ್ತೆ ಎಲ್ಲೀ ತುರ್ತು? ಹಳೇ ಗುತ್ತಿಗೆದಾರನ್ನೇ ಮುಂದುವರಿಸಿ.”

“ಮುಚ್ಚಳ ಹಾಕದೆ ಹೋದೋನು ಅವನೇ ಸಾರ್!”

“ಹೋಗ್ಲಿ ಬಿಡ್ರೀ. ಟ್ಯಾಂಕ್ ಎಲ್ಲಿದೆ ಅಂತಾದ್ರೂ ಅವನಿಗೆ ಗೊತ್ತು.”

ದರ್ಜಿಯ ಮಗಳು ದಿನಾ ಕುಡಿಯುವುದು ಅದೇ ನೀರನ್ನು. ಅವನು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ಪಕ್ಕದ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು. ಅದರಲ್ಲೊಂದು ಇರುವೆ ತೇಲುತ್ತಿತ್ತು.

“ಥೂ! ಇದನ್ನ ಮನುಷ್ಯರು ಕುಡೀತಾರೇನ್ರೀ?” ಎಂದು ಲೋಟ ಕುಕ್ಕಿ, ಗುಮಾಸ್ತನನ್ನು ಕರೆದುಕೊಂಡು ಹೊರಟೇಹೋದರು.