ಅಜ್ಜಿಗೂ ಬೇಡ

ಆಟಿಸಂ ಮಕ್ಕಳ ತರಬೇತಿ ಕೇಂದ್ರದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಅತ್ತೆ, ಸೊಸೆ ಕೂತಿದ್ದರು. ಮೊಮ್ಮಗಳು ಆಟಿಕೆ ಗಾಡಿಯ ಚಕ್ರವನ್ನು ಜಪಮಣಿಯ ಹಾಗೆ ತಿರುಗಿಸುತ್ತಿದ್ದಳು.

“ಕೆನ್ನೆ ಹಿಂಡಿದ್ದಕ್ಕೆ ನಿನ್ನೆ ನನಗೇ ‘ಬೇಡ’ ಅಂದಳಲ್ಲೇ! ಎತ್ತಿ ಆಡಿಸಿದವಳು ನಾನು.”

“ಇಲ್ಲಿ ಕಲಿಸಿದ್ದೇ ಅದನ್ನ, ಅತ್ತೆ.”

“ಬೇರೆಯವರಿಗೆ ಅನ್ನಲಿ. ಅಜ್ಜಿಗೂನಾ?”

“ಇಷ್ಟು ದಿನ ಎಲ್ಲದಕ್ಕೂ ತಲೆಯಾಡಿಸೋದನ್ನೇ ಕಲಿಸಿದ್ವಿ. ನಾಳೆ ಯಾರೋ ಮೈಮೇಲೆ ಕೈ ಹಾಕಿದಾಗಲೂ ತಲೆಯಾಡಿಸಿದರೆ?”

ಅತ್ತೆ ಮೊಮ್ಮಗಳತ್ತ ತಿರುಗಿದರು.

“ಮನೇಲಿ ನಡೆಯದ ‘ಬೇಡ’ ಬೀದೀಲಿ ನಡೆಯುತ್ತಾ, ಹೇಳಿ.”

“ನಿನಗಂತೂ ‘ಬೇಡ’ ಅನ್ನೋದನ್ನ ಯಾರೂ ಕಲಿಸಬೇಕಿರಲಿಲ್ಲ ಬಿಡು.”

ಇಬ್ಬರೂ ನಕ್ಕರು. ಒಳಗಿನಿಂದ ಕರೆ ಬಂತು. ಅಜ್ಜಿ ಎದ್ದು ಕೈ ಚಾಚಿದರು.

“ಕೈ ಹಿಡೀಲಾ, ಪುಟ್ಟಿ?”

“ಬೇಡ.”

ಅಜ್ಜಿ ಚಾಚಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

“ಸರಿ ತಾಯಿ. ನೀನು ಮುಂದೆ ನಡಿ.”