ಶನಿವಾರಕ್ಕೊಮ್ಮೆ ಕಾಪಿ

ಶಹಾಪುರದ ಬಸ್ ನಿಲ್ದಾಣದಲ್ಲಿ ದೋರನಹಳ್ಳಿ ಬಸ್ಸಿಗೆ ಕಾಯುತ್ತಿದ್ದ ನಿವೃತ್ತ ಗುಮಾಸ್ತ ಚಂದ್ರಾಮಪ್ಪನವರಿಗೆ ಬೆನ್ನ ಹಿಂದೆ ನಗು ಕೇಳಿಸಿತು. ಹಿಂದಿನ ಬೆಂಚಿನಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬಳು ಕಾಲುವೆ ನೀರು ಬಳಕೆದಾರರ ಸಂಘದಲ್ಲಿ ಕೆಲಸಕ್ಕಿದ್ದವಳು, ಇನ್ನೊಬ್ಬಳು ಕಾಲುವೆಯ ತುದಿಯಲ್ಲಿ ಹೊಲವಿದ್ದವಳು ಎಂಬುದು ಮಾತಿನಲ್ಲೇ ತಿಳಿಯಿತು.

“ಸಿಡಿಲು ಬಡದು ಸಂಘದ ಕಂಪ್ಯೂಟರ್ ಸುಟ್ಟೈತಿ ಅಂದಾಗ ನನ್ನ ಎದಿ ಒಡದಿತ್ತು ಮರಿಲಿಂಗಮ್ಮ. ಎಂಟು ವರ್ಷದ ನೀರಿನ ಅಳತಿ ಅದರಾಗ ಇತ್ತಲ್ಲ!”

“ನೀರಾವರಿ ಇಲಾಖಿ ಸಾಹೇಬರೂ ಅದನ್ನ ಅಂದ್ರು, ಭೀಮಾಬಾಯಿ. ದಾಖಲಿ ಇಲ್ದಂಗ, ತುದಿ ಹೊಲಕ್ಕ ನೀರು ಮುಟ್ಟಲ್ಲ ಅಂತ ಹ್ಯಾಂಗ ನಂಬೋದು ಅಂದ್ರು.”

“ಮತ್ತ ನೀ?”

“ಪರ್ಸಿನಾಗಿಂದ ಪೆನ್‌ಡ್ರೈವ್ ತಗದು ಮೇಜಿನ ಮ್ಯಾಲ ಇಟ್ಟೆ. ಶನಿವಾರಕ್ಕೊಮ್ಮೆ ಎಲ್ಲಾ ಫೈಲು ಅದಕ್ಕ ಕಾಪಿ ಮಾಡಿ ಮನಿಗೆ ಒಯ್ತಿದ್ದೆ. ಸಂಘದಾಗ ಎಲ್ಲಾರೂ ನಗ್ತಿದ್ರು.”

“ಎಲ್ಲಾ ಇತ್ತೇನು?”

“ಕಡೀ ಎರಡು ದಿನದ್ದು ಬಿಟ್ರ ಎಲ್ಲಾ ಇತ್ತು. ನಿಮ್ಮ ತೂಬಿಗೆ ನೀರು ಮುಟ್ಟದ ದಿನ ಒಂದೊಂದೂ ಸಾಹೇಬರು ಕಣ್ಣಾರೆ ನೋಡಿದ್ರು.”

“ಏನಂದ್ರು, ಲಗೂನ ಹೇಳ!”

“ಸೋಮವಾರದಿಂದ ಮೊದಲ ಪಾಳಿ ತುದಿ ಹೊಲಕ್ಕ. ಬರದು ಸಹಿ ಹಾಕ್ಯಾರ.”

ಭೀಮಾಬಾಯಿ ಅಷ್ಟು ಜನರ ನಡುವೆಯೇ ಅವಳ ಕೆನ್ನೆ ಸವರಿ ನೆಟಿಗೆ ಮುರಿದಳು. ಚಂದ್ರಾಮಪ್ಪನವರಿಗೆ ತಾವೇ ಗೆದ್ದಷ್ಟು ಹಿಗ್ಗಾಯಿತು.

ಅಷ್ಟರಲ್ಲಿ ಸುರಪುರದ ಬಸ್ಸು ಬಂತು. ಭೀಮಾಬಾಯಿ ಜನರನ್ನು ಸರಿಸುತ್ತ ಮುಂದೆ ನುಗ್ಗಿದಳು. “ಹಾದಿ ಬಿಡ್ರಿ! ಮರಿಲಿಂಗಮ್ಮ, ಕಿಟಕಿ ಕಡಿ ನೀ ಕೂಡು. ಕಾಲುವಿ ನೋಡ್ಕೋತ ಹೋಗವ್ವ.”